ದೊಡ್ಡ ಸ್ವಾಮಿಯವರು: ಅಬ್ಬೆ ದುಬ್ವಾ ಅವರ ಜೀವನ ಹಾಗೂ ಅದು ನಮಗೆ ಕಲಿಸುವ ಪಾಠ

ದೇವಾಲಯವೊಂದು ನೂರು ಸಂವತ್ಸರಗಳನ್ನು ಪೂರೈಸಿದಾಗ ಅದರ ಗೋಡೆ, ಗೋಪುರ, ಗಂಟೆಗಳನ್ನು ನಿಲ್ಲಿಸಿದ ಗುರುಗಳನ್ನೂ ದಾನಿಗಳನ್ನೂ ಕೃತಜ್ಞತೆಯಿಂದ ನೆನೆಯುವುದು ಯುಕ್ತವೇ ಸರಿ. ಆದರೆ ಕಲ್ಲು ಗಾರೆಯ ದೇವಾಲಯ ಏಳುವುದಕ್ಕೆ ಬಹುಕಾಲ ಮೊದಲೇ ಜನರ ಅಂತರಂಗದಲ್ಲಿ ವಿಶ್ವಾಸದ ಅಸ್ತಿಭಾರವನ್ನು ಹಾಕಿದವರು ಇದ್ದರು. ನಮ್ಮ ಹಳೆಯ ಮೈಸೂರು ಸೀಮೆಯ ಮಟ್ಟಿಗೆ ಅಂಥವರ ಸಾಲಿನಲ್ಲಿ ಅಬ್ಬೆ ದುಬ್ವಾ ಅವರ ಹೆಸರು ಮುಖ್ಯವಾದುದು. ವಿಶ್ವಾಸವೆಂಬುದು ಹೃದಯದ ಭಾವವೋ, ಬುದ್ಧಿ ಅರಿತು ಬಾಯಿ ಸಾರುವ ಸತ್ಯವೋ ಎಂಬ ಪ್ರಶ್ನೆ ಈ ಮಹನೀಯರನ್ನು ಜೀವಮಾನವಿಡೀ ಕಾಡಿತು. ಇಂದಿಗೂ ಅದು ನಮ್ಮನ್ನು ಬಿಟ್ಟಿಲ್ಲವಾದ್ದರಿಂದ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಜೀನ್ ಆಂತ್ವಾನ್ ದುಬ್ವಾ ಅವರು 1760ರ ದಶಕದ ಮಧ್ಯಭಾಗದಲ್ಲಿ ಫ್ರಾನ್ಸ್ ದೇಶದ ಆರ್ದೆಷ್ ಪ್ರಾಂತದ ಸೇಂಟ್ ರೆಮೆಜ್ ಎಂಬ ಗ್ರಾಮದಲ್ಲಿ ಜನಿಸಿದರು. ವಿವಿಯೇ ಧರ್ಮಪ್ರಾಂತದಲ್ಲಿ 1792ರಲ್ಲಿ ಗುರುದೀಕ್ಷೆ ಪಡೆದರು. ಫ್ರಾನ್ಸಿನ ಮಹಾಕ್ರಾಂತಿ ಧರ್ಮಸಭೆಯ ಮೇಲೆ ಕೆಂಡ ಸುರಿಸುತ್ತಿದ್ದ ದಿನಗಳವು. ಅದೇ ವರ್ಷ ಅವರು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಸದಸ್ಯರಾಗಿ ಭಾರತಕ್ಕೆ ಹೊರಟರು. ಪಾಂಡಿಚೇರಿಯ ಮಿಷನ್ನಿಗೆ ಸೇರಿ, ದಕ್ಷಿಣದ ಜಿಲ್ಲೆಗಳಲ್ಲಿ ಕೆಲವು ವರ್ಷ ದುಡಿದರು. ಅಲ್ಲಿ ಅವರು ಯೂರೋಪಿಯನ್ ಉಡುಗೆಯನ್ನು ತೊರೆದು ಈ ನಾಡಿನ ನಿಲುವಂಗಿಯನ್ನೂ ಮುಂಡಾಸನ್ನೂ ಧರಿಸಿದರು. ಇಲ್ಲಿಯ ಆಹಾರ, ಆಚಾರಗಳನ್ನು ತಮ್ಮದಾಗಿಸಿಕೊಂಡರು. ಮುಂದೆ ಮೈಸೂರು ಸೀಮೆಯ ಹಳ್ಳಿಗರು ಅವರನ್ನು ದೊಡ್ಡ ಸ್ವಾಮಿಯವರು ಎಂದೇ ಕರೆದರು.

ಅವರು ಮೈಸೂರಿಗೆ ಬಂದ ಕಾಲವನ್ನು ಕನಕಪುರದ ನಾವು ವಿಶೇಷವಾಗಿ ಗಮನಿಸಬೇಕು. ಅಂದು ನಮ್ಮ ಊರಿಗೆ ಕಾನಕಾನಹಳ್ಳಿ ಎಂಬ ಹೆಸರಿತ್ತು. ಶ್ರೀರಂಗಪಟ್ಟಣಕ್ಕೆ ಸಾಗುವ ಇಂಗ್ಲಿಷರ ಸೈನ್ಯಕ್ಕೆ ಆಸರೆಯಾಗದಿರಲೆಂದು ಟಿಪ್ಪು ಸುಲ್ತಾನನು ಈ ಊರನ್ನು ಎರಡು ಬಾರಿ ಹಾಳುಗೆಡವಿಸಿದನೆಂದು ಗೆಜೆಟಿಯರ್ ಹೇಳುತ್ತದೆ. 1799ರ ಮಾರ್ಚಿಯಲ್ಲಿ ಜನರಲ್ ಹ್ಯಾರಿಸನ ದಂಡು ಇದೇ ದಾರಿಯಾಗಿ ಮಳವಳ್ಳಿಯ ಕಡೆಗೆ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಲಿಯೊನಾರ್ಡೊ ಚಿನ್ನಮಿಯವರು ಆರಂಭಿಸಿದ್ದ ಯೇಸುಸಭೆಯವರ ಮೈಸೂರು ಮಿಷನ್ ಆ ವೇಳೆಗೆ ತಬ್ಬಲಿಯಾಗಿತ್ತು. 1773ರಲ್ಲಿ ಯೇಸುಸಭೆಯೇ ರದ್ದಾಗಿತ್ತು. ಗುರುಗಳಿಲ್ಲದೆ, ಪಾಪನಿವೇದನೆ ಬಲಿಪೂಜೆಗಳಿಲ್ಲದೆ ಕ್ರೈಸ್ತ ಕುಟುಂಬಗಳು ಚದರಿಹೋಗಿದ್ದವು. ಇಂತಹ ಹೊತ್ತಿನಲ್ಲಿ ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನ ಮೇರೆಗೆ ಅಬ್ಬೆ ದುಬ್ವಾ ಅವರು ಶ್ರೀರಂಗಪಟ್ಟಣಕ್ಕೆ ಆಹ್ವಾನಿತರಾದರು.

ಅಲ್ಲಿ ಅವರಿಗೆ ಎದುರಾದ ಮೊದಲ ಕಾರ್ಯವೇ ಅತ್ಯಂತ ಕಠಿಣವಾದುದು. 1784ರಲ್ಲಿ ಕೆನರಾ ಸೀಮೆಯಿಂದ ಸಹಸ್ರಾರು ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟಿದ್ದರು. ಅವರಲ್ಲಿ ಅನೇಕರು ಬಲಾತ್ಕಾರದಿಂದ ಮತಾಂತರಗೊಂಡಿದ್ದರು. ಅವರ ಸಂಖ್ಯೆಯ ವಿಷಯದಲ್ಲಿ ಬರಹಗಾರರಲ್ಲಿ ಏಕಾಭಿಪ್ರಾಯವಿಲ್ಲ. ಸುಲ್ತಾನನ ಪತನಾನಂತರ ಇಂಥವರಲ್ಲಿ ಸುಮಾರು 2,000 ಮಂದಿ ತಮ್ಮ ಬಳಿಗೆ ಬಂದರೆಂದೂ, 20,000ದಷ್ಟು ಜನರು ಮಂಗಳೂರು ಸೀಮೆಗೆ ಹಿಂತಿರುಗಿದರೆಂದೂ ದುಬ್ವಾ ಅವರೇ ಬರೆದಿದ್ದಾರೆ. ಬಂದವರೆಲ್ಲರೂ ಹೇಳಿದ್ದು ಒಂದೇ ಮಾತು: ಹೊರಗೆ ಮಾತ್ರ ತಾವು ಬಗ್ಗಿದೆವು, ಹೃದಯದಲ್ಲಿ ಕ್ರಿಸ್ತನನ್ನು ಎಂದೂ ಬಿಡಲಿಲ್ಲವೆಂದು.

ವಾಚಕರು ಒಂದು ಕ್ಷಣ ಇಲ್ಲಿ ನಿಂತು ಆಲೋಚಿಸಬೇಕು. ಆ ಕಣ್ಣೀರು ಸುಳ್ಳೆಂದು ಯಾರು ಹೇಳಬಲ್ಲರು? ಆದರೆ ಹೃದಯದೊಳಗೆ ಮಾತ್ರ ಉಳಿದ ವಿಶ್ವಾಸವೇ ಸಾಕೆಂದು ಒಪ್ಪಿದರೆ ವಿಶ್ವಾಸಪ್ರಕಟಣೆಗೆ ಏನು ಅರ್ಥ ಉಳಿಯಿತು? ದುಬ್ವಾ ಅವರು ಅವರನ್ನು ಧರ್ಮಸಭೆಯ ಮಡಿಲಿಗೆ ಸೇರಿಸಿಕೊಳ್ಳುವ ಕಾರ್ಯವನ್ನು ಮಾಡಿದರು. ಆದರೆ ಅವರ ಮನಸ್ಸಿನ ಮುಳ್ಳು ಹೋಗಲಿಲ್ಲ. ಅಷ್ಟು ಸಾವಿರ ಜನರಲ್ಲಿ ರಕ್ತಸಾಕ್ಷಿಯಾಗಲು ಒಬ್ಬನೂ ಮುಂದೆ ಬರಲಿಲ್ಲವಲ್ಲ ಎಂದು ಅವರು ಕಟುವಾಗಿ ಬರೆದರು; ಮತ್ತೊಮ್ಮೆ ಅಂಥ ಪರೀಕ್ಷೆ ಬಂದರೆ ಇವರು ಹಾಗೆಯೇ ಬಗ್ಗುವರೆಂದೂ ಶಂಕಿಸಿದರು. ಈ ತೀರ್ಪು ಅತಿ ಕಠೋರವಾದುದೆಂದು ಇಂದು ಹೇಳದೆ ವಿಧಿಯಿಲ್ಲ. ಸೆರೆಯಲ್ಲಿ ನರಳಿ ಸತ್ತವರ ಲೆಕ್ಕ ಅವರ ಮುಂದೆ ಇರಲಿಲ್ಲ. ಅವರು ಸ್ವತಃ ಆ ಸೆರೆಯನ್ನು ಕಂಡವರೂ ಅಲ್ಲ. ಹದಿನೈದು ವರ್ಷಗಳ ಮೇಲೂ ತಮ್ಮ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡ ಜನರ ವಿಶ್ವಾಸವನ್ನು ಹಗುರವಾಗಿ ಎಣಿಸಲಾಗದು.

ಶಂಕೆ ಇದ್ದರೂ ಅವರು ಕೈಕಟ್ಟಿ ಕೂಡಲಿಲ್ಲ. ಮೈಸೂರು, ಶ್ರೀರಂಗಪಟ್ಟಣ, ಬೆಂಗಳೂರು, ಹಾಸನಗಳ ನಡುವೆ ಚದರಿದ್ದ ಸಣ್ಣ ಸಣ್ಣ ಸಭೆಗಳನ್ನು ಅರಸುತ್ತಾ ಅಲೆದರು. ಇಂದು ಬೆಂಗಳೂರಿನ ಶಿವಾಜಿನಗರದಲ್ಲಿ ಸಂತ ಮರಿಯಮ್ಮನವರ ಮಹಾದೇವಾಲಯವಿರುವ ಸ್ಥಳದ ಆರಂಭದ ಗುಡಿಯ ಚರಿತ್ರೆಯಲ್ಲಿ ಅವರ ಹೆಸರಿದೆ. ನೆಲೆ ತಪ್ಪಿದ ಬಡ ಕ್ರೈಸ್ತರಿಗಾಗಿ ಹಾಸನ ಸಮೀಪದ ಸಾತಳ್ಳಿಯಲ್ಲಿ ಬೇಸಾಯದ ವಸತಿಯನ್ನು ಏರ್ಪಡಿಸಿದರು. ಸಿಡುಬು ಊರೂರನ್ನೇ ಬರಿದು ಮಾಡುತ್ತಿದ್ದ ಕಾಲದಲ್ಲಿ, ಜೆನ್ನರ್ ಕಂಡುಹಿಡಿದ ದೇವಿ ಹಾಕುವ ವಿಧಾನವನ್ನು 1803–04ರಲ್ಲಿ ಈ ಸೀಮೆಯಲ್ಲಿ ಪ್ರಚುರಪಡಿಸಿ 25,000ಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. ಜಾತಿಮತಗಳ ಭೇದವಿಲ್ಲದೆ ಜನರು ಅವರನ್ನು ಗೌರವಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಅವರ ಬರವಣಿಗೆಯ ಕೀರ್ತಿಯೂ ಇದೇ ಕಾಲದ್ದು. ಹಿಂದೂ ಜನರ ನಡೆನುಡಿ, ಆಚಾರ, ಉತ್ಸವಗಳನ್ನು ಕುರಿತು ಅವರು ಸಿದ್ಧಪಡಿಸಿದ ಫ್ರೆಂಚ್ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರಾಗಿದ್ದ ಮೇಜರ್ ವಿಲ್ಕ್ಸ್ ಮೆಚ್ಚಿ ಮದರಾಸಿಗೆ ಕಳುಹಿಸಿದರು. ಈಸ್ಟ್ ಇಂಡಿಯಾ ಕಂಪನಿಯು 2,000 ವರಹಗಳಿಗೆ ಅದನ್ನು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಈ ಗ್ರಂಥದ ಬಹುಭಾಗಕ್ಕೆ ಹಿಂದಿನ ಯೇಸುಸಭೆಯ ಗುರು ಕೂರ್ದು ಅವರ ಬರಹವೇ ಮೂಲವೆಂದು ಫ್ರೆಂಚ್ ಸಂಶೋಧಕಿ ಸಿಲ್ವಿಯಾ ಮ್ಯೂರ್ 1987ರಲ್ಲಿ ಸಾಧಾರವಾಗಿ ತೋರಿಸಿಕೊಟ್ಟರು. ಸತ್ಯವನ್ನು ಮರೆಮಾಡಿ ಯಾರನ್ನೂ ದೊಡ್ಡವರನ್ನಾಗಿ ಮಾಡಬೇಕಿಲ್ಲ. ಗ್ರಂಥದ ಕೀರ್ತಿ ಇಬ್ಬರಿಗೆ ಹಂಚಿಹೋದರೂ, ಸಿಡುಬಿನಿಂದ ಉಳಿದ ಮಕ್ಕಳ ಆಶೀರ್ವಾದ ಹಂಚಿಹೋಗುವಂತಹುದಲ್ಲ.

ಇನ್ನು ಅವರ ಅಂತರಂಗದ ಸಂಕಟಕ್ಕೆ ಬರೋಣ. ಈ ನಾಡಿನ ಕ್ರೈಸ್ತರು ಸಂತರ ಹಬ್ಬಗಳನ್ನು ರಾತ್ರಿಯ ಹೊತ್ತು ತೇರು, ಹೂಮಾಲೆ, ದೀವಟಿಗೆ, ತಮಟೆ, ಕಹಳೆ, ಬಾಣಬಿರುಸುಗಳಿಂದ ಆಚರಿಸುವುದನ್ನು ಅವರು ವರ್ಷವರ್ಷವೂ ಕಂಡರು. ಆ ಗದ್ದಲದಲ್ಲಿ ಪ್ರಾರ್ಥನೆ ಎಲ್ಲಿ ಎಂದು ಅವರಿಗೆ ನಾಚಿಕೆಯಾಗುತ್ತಿತ್ತು. ಹಾಗೆಂದು ಹೊರಗಿನ ಆಚರಣೆಯೇ ಬೇಡವೆಂದು ಅವರು ಹೇಳಲಿಲ್ಲ. ಕಣ್ಣಿಗೆ ಕಾಣುವ, ಮನಸ್ಸನ್ನು ಕಲಕುವ ಆರಾಧನೆಯಿಲ್ಲದೆ ಈ ಜನರ ಹೃದಯ ತೆರೆಯದೆಂದೂ, ಆ ದೃಷ್ಟಿಯಿಂದ ಕಥೋಲಿಕ ಪೂಜಾವಿಧಿಯೇ ಇವರಿಗೆ ಹೆಚ್ಚು ಒಪ್ಪುವುದೆಂದೂ ಅವರು ನಂಬಿದ್ದರು. ಅದೇ ವೇಳೆ, ಸಿದ್ಧತೆಯಿಲ್ಲದ ಜನರ ಕೈಗೆ ಬೈಬಲಿನ ಅವಸರದ ಭಾಷಾಂತರಗಳನ್ನು ಹಂಚುವುದನ್ನು ಅವರು ವಿರೋಧಿಸಿದರು; ಮೊದಲು ಧರ್ಮದ ಮೂಲತತ್ತ್ವಗಳನ್ನು ತಾಳ್ಮೆಯಿಂದ ಕಲಿಸಬೇಕೆಂಬುದು ಅವರ ವಾದ. ಭಾವ ಬಾಗಿಲನ್ನು ತೆರೆಯುವುದು. ಒಳಗೆ ಬಂದವನು ನಿಲ್ಲಬೇಕಾದರೆ ಉಪದೇಶದ ನೆಲ ಬೇಕು. ಅವರ ವಿಚಾರದ ಸಾರ ಇಷ್ಟೇ.

ಆದರೆ ಕಲಿಸುವವರು ಎಲ್ಲಿದ್ದರು? ಗುರುಗಳು ಬೆರಳೆಣಿಕೆಯಷ್ಟು, ನಡೆಯಬೇಕಾದ ದಾರಿ ನೂರಾರು ಮೈಲಿ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ದೇಶೀಯ ಗುರುವೊಬ್ಬರ ನೆರವಿನಿಂದ, ತಾವು ಕ್ರೈಸ್ತರನ್ನಾಗಿಸಿದ್ದು ಇನ್ನೂರು ಮುನ್ನೂರು ಮಂದಿಯನ್ನು ಮಾತ್ರವೆಂದೂ, ಅವರಲ್ಲಿ ಹಲವರು ಹಿಂದೆ ಸರಿದರೆಂದೂ ಅವರು ಮುಚ್ಚುಮರೆಯಿಲ್ಲದೆ ಬರೆದರು. 1823ರಲ್ಲಿ ಲಂಡನ್ನಿನಲ್ಲಿ ಅವರ ಪತ್ರಗಳ ಸಂಪುಟ ಪ್ರಕಟವಾಯಿತು. ಅಂದಿನ ಸ್ಥಿತಿಯಲ್ಲಿ ಹಿಂದೂ ಜನರ ಪರಿವರ್ತನೆ ಅಸಾಧ್ಯವೆಂಬುದೇ ಅದರ ತಾತ್ಪರ್ಯ. ಪ್ರೊಟೆಸ್ಟಂಟ್ ಬೋಧಕರಾದ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಅವರು 1824ರಲ್ಲಿ ಇದಕ್ಕೆ ಪ್ರತ್ಯುತ್ತರದ ಗ್ರಂಥಗಳನ್ನು ಬರೆದರು.

1823ರ ಜನವರಿಯಲ್ಲಿ ದುಬ್ವಾ ಅವರು ಈ ದೇಶವನ್ನು ಬಿಟ್ಟರು, ಮತ್ತೆ ಬರಲಿಲ್ಲ. ಕಂಪನಿಯು ಅವರಿಗೆ ನಿವೃತ್ತಿ ವೇತನವನ್ನು ನೀಡಿತು. ಪ್ಯಾರಿಸ್ಸಿನಲ್ಲಿ ಅವರು ತಮ್ಮ ಸಂಸ್ಥೆಯ ಗುರುಮಠದ ನಿರ್ದೇಶಕರಾದರು. 1836ರಿಂದ 1839ರವರೆಗೆ ಅದರ ಶ್ರೇಷ್ಠರೂ ಆಗಿದ್ದರು. ಪಂಚತಂತ್ರವನ್ನು ಫ್ರೆಂಚ್ ಭಾಷೆಗೆ ತಂದರು. 1848ರಲ್ಲಿ ದೈವಾಧೀನರಾದರು. ಇದರಲ್ಲೊಂದು ದೈವಯೋಗವಿದೆ: ಈ ನಾಡಿನ ಬಗ್ಗೆ ಆಶೆ ಕಳೆದುಕೊಂಡು ಹೋದವರೇ, ಈ ನಾಡಿಗೆ ಬರಲಿದ್ದ ಗುರುಗಳನ್ನು ರೂಪಿಸುವ ಮಠದಲ್ಲಿ ತಮ್ಮ ಉಳಿದ ಆಯುಷ್ಯವನ್ನು ಸವೆಸಿದರು.

ಅವರ ನಿರಾಶೆಯನ್ನು ಚರಿತ್ರೆಯು ಒಪ್ಪಲಿಲ್ಲ. 1850ರಲ್ಲಿ ಮೈಸೂರು ಪ್ರತ್ಯೇಕ ವಿಕಾರಿಯೇಟ್ ಆಯಿತು, 1886ರಲ್ಲಿ ಧರ್ಮಪ್ರಾಂತವಾಯಿತು, 1940ರಲ್ಲಿ ಬೆಂಗಳೂರು ಧರ್ಮಪ್ರಾಂತವೂ, 1953ರಲ್ಲಿ ಮಹಾಧರ್ಮಪ್ರಾಂತವೂ ಉದಯಿಸಿದವು. ಹೃದಯದ ಭಾವವನ್ನೇ ನಂಬಬೇಡಿರೆಂದು ಎಚ್ಚರಿಸಿದವರು, ಕೊನೆಗೆ ತಮ್ಮ ಹೃದಯದ ನಿರಾಶೆಯನ್ನೇ ಸಿದ್ಧಾಂತವೆಂದು ಭಾವಿಸಿದರು. ಉತ್ಸಾಹವಷ್ಟೇ ಅಲ್ಲ, ನಿರುತ್ಸಾಹವೂ ಒಂದು ಭಾವವೇ. ಅದನ್ನೂ ವಿಶ್ವಾಸದ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಮಹನೀಯರ ಜೀವನದಿಂದ ಗುಣವನ್ನು ಮಾತ್ರವಲ್ಲ, ದೋಷವನ್ನೂ ಕಲಿಯಬಹುದು.

ಈ ಪಾಠ ನಮಗೆ ದೂರದ್ದಲ್ಲ. ನಮ್ಮ ತಾಲ್ಲೂಕಿನ ಹಾರೋಬೆಲೆಯ ಹಳೆಯ ಕ್ರೈಸ್ತ ಜನರು ಶುಭ ಶುಕ್ರವಾರದಂದು ಪ್ರಭುವಿನ ಪಾಡುಗಳನ್ನು ಸ್ಮರಿಸುತ್ತಾ ಕಪಾಲ ಬೆಟ್ಟವನ್ನೇರುವಾಗ ಕಣ್ಣು ಒದ್ದೆಯಾಗದವರು ವಿರಳ. 1967ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 1970ರ ದಶಕದ ಆದಿಯಲ್ಲಿ ಭಾರತಕ್ಕೆ ಬಂದ ಕ್ಯಾರಿಸ್ಮ್ಯಾಟಿಕ್ ನವೀಕರಣದ ಧ್ಯಾನಕೂಟಗಳಲ್ಲಿ ಕೈಯೆತ್ತಿ ಹಾಡುವವರೂ, ಸೌಖ್ಯಕ್ಕಾಗಿ ಕಾಯುವವರೂ ನಮ್ಮ ಮನೆಗಳಲ್ಲೇ ಇದ್ದಾರೆ. ಆ ಕಣ್ಣೀರನ್ನು, ಆ ಹಾಡನ್ನು ಹೀಗಳೆಯುವುದು ಸಲ್ಲದು. ಆದರೆ ಧ್ಯಾನಕೂಟ ಮುಗಿದ ಸೋಮವಾರ ಏನು ಉಳಿಯಿತು ಎಂಬ ಪ್ರಶ್ನೆಯನ್ನು ದೊಡ್ಡ ಸ್ವಾಮಿಯವರು ಇಂದಿಗೂ ಕೇಳುತ್ತಿದ್ದಾರೆ. ಹೃದಯ ಕರಗಿದವನು ವಿಶ್ವಾಸಸಂಗ್ರಹದ ಅರ್ಥವನ್ನು ಬಲ್ಲನೇ? ಪಾಪನಿವೇದನೆಗೆ ಬಂದನೇ? ನೆರೆಯವನೊಡನೆ ಇದ್ದ ವ್ಯಾಜ್ಯವನ್ನು ತೀರಿಸಿಕೊಂಡನೇ?

ಸಂತ ಪೇತ್ರನೂ ಮೂರು ಸಲ ಪ್ರಭುವನ್ನು ಅರಿಯೆನೆಂದು ನುಡಿದು ಬಿಕ್ಕಿ ಬಿಕ್ಕಿ ಅತ್ತವನೇ. ಪುನರುತ್ಥಾನರಾದ ಪ್ರಭು ಅವನ ಕಣ್ಣೀರನ್ನು ತಳ್ಳಿಹಾಕಲಿಲ್ಲ. ಅದಷ್ಟೇ ಸಾಕೆಂದೂ ಬಿಡಲಿಲ್ಲ. ಪ್ರೀತಿಯನ್ನು ಮೂರು ಸಲ ಬಾಯಿಬಿಟ್ಟು ಹೇಳಿಸಿದರು; ಬಳಿಕ ಕುರಿಗಳನ್ನು ಕಾಯುವ ಕೆಲಸವನ್ನು ಒಪ್ಪಿಸಿದರು. ಶ್ರೀರಂಗಪಟ್ಟಣದ ಆ ಎರಡು ಸಾವಿರ ಮಂದಿಗೂ, ಇಂದು ಈ ದೇವಾಲಯದಲ್ಲಿ ಮೊಣಕಾಲೂರುವ ನಮಗೂ ಇದಕ್ಕಿಂತ ಬೇರೆ ದಾರಿಯಿಲ್ಲ. ಮುಂದಿನ ನೂರು ವರ್ಷಗಳಲ್ಲಿ ನಮ್ಮ ಹಬ್ಬಗಳು ಇನ್ನೂ ವೈಭವದಿಂದ ನಡೆಯಲಿ. ಜೊತೆಗೆ ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಒಂದು ಮಗುವೂ ತಪ್ಪದೆ ಕುಳಿತಿರಲಿ. ದೊಡ್ಡ ಸ್ವಾಮಿಯವರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ ಅದೇ.