ಬೇಸಿಗೆಯ ಕ್ರಿಸ್ತಜಯಂತಿಗೆ ರಾಗವಿತ್ತ ವಿಲಿಯಂ ಜೇಮ್ಸ್

ಆಸ್ಟ್ರೇಲಿಯಾದಲ್ಲಿ ಡಿಸೆಂಬರ್ ತಿಂಗಳೆಂದರೆ ಬೇಸಿಗೆ. ಶಾಲೆಗಳಿಗೆ ದೊಡ್ಡ ರಜೆ ಬರುವ ಕಾಲ ಅದು. ಒಳನಾಡಿನ ಹುಲ್ಲುಗಾವಲುಗಳು ಒಣಗಿ ಕಂದುಬಣ್ಣಕ್ಕೆ ತಿರುಗುತ್ತವೆ. ಉತ್ತರದಿಂದ ಬೀಸುವ ಬಿಸಿಗಾಳಿ ಊರ ಮೇಲೆ ಕೆಂಧೂಳನ್ನು ಹರಡುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅಲ್ಲಿನ ಗಾನವೃಂದಗಳು ಕ್ರಿಸ್ತಜಯಂತಿಗಾಗಿ ಆರಿಸಿಕೊಳ್ಳುತ್ತಿದ್ದುದು ಬಹುಮಟ್ಟಿಗೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಗೀತೆಗಳನ್ನೇ. ಆ ಗೀತೆಗಳಲ್ಲಿ ಹಿಮ ಸುರಿಯುತ್ತಿತ್ತು, ಚಳಿಗಾಳಿ ನರಳುತ್ತಿತ್ತು. ಬೆವರು ಒರೆಸಿಕೊಳ್ಳುತ್ತಾ ಅವನ್ನು ಹಾಡುತ್ತಿದ್ದ ಮಕ್ಕಳಲ್ಲಿ ಎಷ್ಟೋ ಮಂದಿ ಹಿಮವನ್ನು ಕಣ್ಣಾರೆ ಕಂಡವರಲ್ಲ. ಆ ಮಕ್ಕಳ ಬಾಯಿಗೆ ಅವರ ನೆಲದ್ದೇ ಆದ ಕ್ರಿಸ್ತಜಯಂತಿಯ ಹಾಡುಗಳನ್ನು ಇತ್ತವರು ಸ್ವರ ಸಂಯೋಜಕ ವಿಲಿಯಂ ಗಾರ್ನೆಟ್ ಜೇಮ್ಸ್.

ಜೇಮ್ಸ್ ಅವರು ಹುಟ್ಟಿದ್ದು 1892ರಲ್ಲಿ, ವಿಕ್ಟೋರಿಯಾ ಪ್ರಾಂತದ ಬಲ್ಲಾರಟ್ ಪಟ್ಟಣದಲ್ಲಿ. 1850ರ ದಶಕದಲ್ಲಿ ಚಿನ್ನ ದೊರೆತು ಬೆಳೆದ ಊರದು. ಚಿನ್ನದ ಭರಾಟೆ ಇಳಿದ ಮೇಲೂ ಸಂಗೀತದ ಒಲವು ಅಲ್ಲಿ ಇಳಿಯಲಿಲ್ಲ. 1891ರಲ್ಲಿ ಆರಂಭವಾದ ಸೌತ್ ಸ್ಟ್ರೀಟ್ ಸ್ಪರ್ಧೆಗಳಿಗೆ ದೂರದೂರದಿಂದ ಗಾಯಕರೂ ಗಾನವೃಂದಗಳೂ ಬರುತ್ತಿದ್ದವು. ಇಂತಹ ಊರಿನ ಹುಡುಗ ಪಿಯಾನೋ ಕಲಿತು, ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಗೀತ ಶಾಲೆಯನ್ನು ಸೇರಿದುದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಬ್ರಸೆಲ್ಸ್‌ನಲ್ಲಿ ಆರ್ಥರ್ ದ ಗ್ರೀಫ್ ಅವರ ಶಿಷ್ಯರಾದರು. ದ ಗ್ರೀಫ್ ಅವರು ಸ್ವತಃ ಮಹಾನ್ ಪಿಯಾನೋ ವಾದಕ ಲಿಸ್ಟ್ ಅವರಲ್ಲಿ ಕಲಿತವರು. ಮೊದಲ ಮಹಾಯುದ್ಧದ ದಿನಗಳಲ್ಲಿ ಜೇಮ್ಸ್ ಲಂಡನ್ನಿನ ಸಂಗೀತ ಸಭೆಗಳಲ್ಲಿ ವಾದಕರಾಗಿ ಹೆಸರು ಮಾಡಿದರು.

ಅವರು ಅಲ್ಲಿಯೇ ನೆಲೆಸಿ ಬಾಳಬಹುದಿತ್ತು. ಆದರೆ ಯುರೋಪಿನ ನಡುವೆ ಇದ್ದಾಗಲೇ ಅವರ ಮನಸ್ಸು ತಾಯ್ನಾಡಿನ ಕಾಡುಬಯಲಿನತ್ತ ಹೊರಳಿತ್ತೆಂಬುದಕ್ಕೆ 1920ರ ದಶಕದ ಆರಂಭದಲ್ಲಿ ಹೊರಬಂದ ಅವರ ಆರು 'ಬುಷ್' ಗೀತೆಗಳ ಗುಚ್ಛವೇ ಸಾಕ್ಷಿ. ಅದೇ ದಶಕದಲ್ಲಿ ಅವರು ಸ್ವದೇಶಕ್ಕೆ ಮರಳಿದರು.

ಆಸ್ಟ್ರೇಲಿಯಾದ ರಾಷ್ಟ್ರೀಯ ಬಾನುಲಿ ಸಂಸ್ಥೆಯಾದ ಎ.ಬಿ.ಸಿ. 1932ರಲ್ಲಿ ಸ್ಥಾಪನೆಯಾಯಿತು. 1930ರ ದಶಕದ ಮಧ್ಯದಲ್ಲಿ ಜೇಮ್ಸ್ ಅದರ ಸಂಗೀತ ವಿಭಾಗದ ಮುಖ್ಯಸ್ಥರಾದರು. 1957ರವರೆಗೂ ಆ ಹೊಣೆ ಹೊತ್ತರು. ಸಿಡ್ನಿ, ಬ್ರಿಸ್ಬೇನ್, ಹೋಬಾರ್ಟ್, ಅಡಿಲೇಡ್ ಮುಂತಾದ ನಗರಗಳಲ್ಲಿ ಸ್ಥಾಯಿ ವಾದ್ಯವೃಂದಗಳು ತಲೆಯೆತ್ತಿದುದು ಈ ಅವಧಿಯಲ್ಲೇ. ಒಂದು ಖಂಡದಷ್ಟೇ ವಿಸ್ತಾರವಾದ ದೇಶ ಯಾವ ಸಂಗೀತವನ್ನು ಕೇಳಬೇಕೆಂದು ಆರಿಸುವುದೇ ಅವರ ನಿತ್ಯದ ಕಾಯಕವಾಗಿತ್ತು. ಕ್ರಿಸ್ತಜಯಂತಿಗೆ ಆರಿಸಲು ಸ್ವದೇಶದ ಗೀತೆಗಳು ಎಷ್ಟು ವಿರಳವೆಂಬುದು ಅಂತಹ ಹುದ್ದೆಯಲ್ಲಿದ್ದವರಿಗೆ ಅರಿವಾಗದೆ ಇರುವುದುಂಟೆ?

ಗೀತೆಗಳ ಬೇಡಿಕೆಯಂತೂ ಬೆಳೆಯುತ್ತಲೇ ಇತ್ತು. 1938ರಲ್ಲಿ ಬಾನುಲಿ ಉದ್ಘೋಷಕ ನಾರ್ಮನ್ ಬ್ಯಾಂಕ್ಸ್ ಅವರ ಪ್ರೇರಣೆಯಿಂದ ಮೆಲ್ಬರ್ನಿನ ಉದ್ಯಾನವೊಂದರಲ್ಲಿ ಸಹಸ್ರಾರು ಜನರು ಮೇಣದ ಬತ್ತಿ ಹಿಡಿದು ಬಯಲಿನಲ್ಲಿ ಕ್ರಿಸ್ಮಸ್ ಹಾಡುಗಳನ್ನು ಹಾಡಿದ್ದರು. ಬೇಸಿಗೆಯ ರಾತ್ರಿಯಲ್ಲದೆ ಬೇರೆಂದು ಅದು ಸಾಧ್ಯ? ಆದರೆ ಆ ಬಯಲಿಗೆ ಹೊಂದುವ ಹಾಡುಗಳು ಇನ್ನೂ ಹುಟ್ಟಬೇಕಿತ್ತು.

1948ರಲ್ಲಿ ಜೇಮ್ಸ್ ಅವರ ಐದು ಆಸ್ಟ್ರೇಲಿಯನ್ ಕ್ರಿಸ್ಮಸ್ ಗೀತೆಗಳು ಪ್ರಕಟವಾದವು. ಸಾಹಿತ್ಯ ಜಾನ್ ವೀಲರ್ ಅವರದು. ಇದರಲ್ಲಿನ ಮೂವರು ದನಗಾಹಿಗಳ ಗೀತೆ ನನಗಂತೂ ಬಲು ಅರ್ಥಗರ್ಭಿತವೆನಿಸುತ್ತದೆ. ಕುದುರೆಯೇರಿ ಬಯಲು ದಾಟುತ್ತಿರುವ ಮೂವರು ದನಗಾಹಿಗಳಿಗೆ ಆಕಾಶದಲ್ಲಿ ಅಪೂರ್ವ ಬೆಳಕು ಕಾಣಿಸುತ್ತದೆ. ಸಂತ ಮತ್ತಾಯರು ಹೇಳುವ ತಾರೆಯೂ ಸಂತ ಲೂಕರು ಹೇಳುವ ಕುರಿಗಾಹಿಗಳ ದುಡಿಮೆಯೂ ಇಲ್ಲಿ ಒಂದಾಗಿವೆ. ತಿಂಗಳುಗಟ್ಟಲೆ ಜಾನುವಾರುಗಳ ಹಿಂದೆ ಅಲೆದು ನಕ್ಷತ್ರಗಳ ಕೆಳಗೆ ಮಲಗುವ ಜನ ಒಳನಾಡಿನ ಕೇಳುಗರಿಗೆ ಅಪರಿಚಿತರಾಗಿರಲಿಲ್ಲ. ಹಕ್ಕಿಗಳ ಗೀತೆಯಲ್ಲಿ ಬ್ರೋಲ್ಗಾ ಎಂಬ ಉದ್ದ ಕಾಲಿನ ಕೊಕ್ಕರೆಗಳು ಬಯಲಿನಲ್ಲಿ ಕುಣಿಯುತ್ತವೆ; ಅದರ ಪಲ್ಲವಿಯ 'ಒರಾನಾ' ಎಂಬ ಪದವು ಮೂಲನಿವಾಸಿಗಳ ನುಡಿಯಿಂದ ಬಂದ ಸ್ವಾಗತವಚನವೆಂದು ಹೇಳುತ್ತಾರೆ. ಪದವನ್ನು ಕೊಟ್ಟ ಆ ಜನರು ಮಾತ್ರ ಹಾಡಿನಲ್ಲೆಲ್ಲೂ ಕಾಣಿಸುವುದಿಲ್ಲ. ಇದೊಂದು ಕೊರತೆಯೆಂದು ಒಪ್ಪಲೇಬೇಕು. ಮತ್ತೊಂದು ಗೀತೆ ಬಾಲಯೇಸುವಿನ ಅಲಂಕಾರಕ್ಕೆ 'ಕ್ರಿಸ್ಮಸ್ ಬುಷ್' ಎಂಬ ಗಿಡವನ್ನು ತರುತ್ತದೆ. ನ್ಯೂ ಸೌತ್ ವೇಲ್ಸ್ ಪ್ರಾಂತದ ಆ ಗಿಡದ ಹೂವು ಬಿಳಿ. ಹೂ ಉದುರಿದ ಮೇಲೆ ಉಳಿಯುವ ಪುಷ್ಪಪಾತ್ರೆ ಸರಿಯಾಗಿ ಹಬ್ಬದ ಹೊತ್ತಿಗೆ ಕೆಂಪೇರುತ್ತದೆ. ಇಂಗ್ಲೆಂಡಿನ ಹಾಲಿ ಗಿಡದ ಕೆಂಪು ಹಣ್ಣಿಗೆ ಇನ್ನು ಕಾಯಬೇಕಿರಲಿಲ್ಲ.

ಜೇಮ್ಸ್ ಅವರ ರಾಗಗಳಲ್ಲಿ ಪಾಂಡಿತ್ಯದ ಪ್ರದರ್ಶನವಿಲ್ಲ. ಲಿಸ್ಟ್ ಪರಂಪರೆಯಲ್ಲಿ ಪಳಗಿದ ಕೈ ಇಲ್ಲಿ ಬೇಕೆಂದೇ ಸಂಯಮ ತೋರಿದೆ. ಶಾಲೆಯ ಮಕ್ಕಳೂ ಕಲಿಯಬಲ್ಲ, ಗಾನವೃಂದಗಳೂ ಸವಿಯಬಲ್ಲ ಸ್ವರಗಳವು.

ಇವನ್ನು ಪೂಜೆಯಲ್ಲಿ ಹಾಡಬಹುದೇ ಎಂದು ಓದುಗರು ಕೇಳಬಹುದು. 1948ರಲ್ಲಿ ಪ್ರಶ್ನೆಯೇ ಏಳುತ್ತಿರಲಿಲ್ಲ. ಸಂಗೀತ ಪೂಜೆಯ ಭಾಷೆ ಆಗ ಲತೀನ್. ಆದ್ದರಿಂದ ಕಥೋಲಿಕ ಮಕ್ಕಳಿಗೆ ಈ ಗೀತೆಗಳಿಗೆ ಸ್ಥಳ ದೊರೆಯಬಹುದಾಗಿದ್ದುದು ಶಾಲೆಯ ಸಭಾಂಗಣದಲ್ಲಿ, ಬಾನುಲಿಯ ಮುಂದೆ, ಗೋದಲಿಯ ಬಳಿ. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನಭಾಷೆಗೆ ಬಾಗಿಲು ತೆರೆದ ಮೇಲೆ ಗಾನವೃಂದದ ಮುಖ್ಯಸ್ಥರಿಗೆ ಆಯ್ಕೆಯ ಸ್ವಾತಂತ್ರ್ಯವೂ ಬಂತು, ಅದರ ಹೊಣೆಯೂ ಬಂತು. ಹಕ್ಕಿಗಳ ಗೀತೆ ಎಷ್ಟೇ ಸೊಗಸಾಗಿದ್ದರೂ ಮಾನವನಾಗಿ ಬಂದ ದೇವಸುತನ ವಿಷಯವಾಗಿ ಅದು ಹೇಳುವುದು ಅತ್ಯಲ್ಪ. ಅದು ಮಕ್ಕಳ ಹಬ್ಬದ ಕಾರ್ಯಕ್ರಮಕ್ಕೆ ಒಪ್ಪುವಂಥದು. ಬಿಸಿಗಾಳಿಯನ್ನೂ ಕೆಂಧೂಳನ್ನೂ ಹೇಳುತ್ತಲೇ ಬಾಲಕ್ರಿಸ್ತನನ್ನು ಸ್ವರ್ಗದ ಅರಸನೆಂದು ಸ್ತುತಿಸುವ 'ಕ್ರಿಸ್ಮಸ್ ಡೇ' ಗೀತೆಯನ್ನು ದೇವಾಲಯದೊಳಗೂ ಧೈರ್ಯವಾಗಿ ಆರಿಸಬಹುದು. ದನಗಾಹಿಗಳ ಗೀತೆಗೆ ನಡುರಾತ್ರಿಯ ಪೂಜೆ ಆರಂಭವಾಗುವ ಮುನ್ನ, ಜನರು ಬಂದು ಕುಳಿತುಕೊಳ್ಳುವ ಹೊತ್ತೇ ತಕ್ಕ ಹೊತ್ತು.

ಎರಡನೆಯ ಗುಚ್ಛ 1954ರಲ್ಲಿ, ಮೂರನೆಯದು 1961ರಲ್ಲಿ ಬಂದು ಗೀತೆಗಳ ಸಂಖ್ಯೆ ಹದಿನೈದಾಯಿತು. ಹೆಚ್ಚಾಗಿ ಜನರ ನಾಲಗೆಯ ಮೇಲೆ ನಿಂತವು ಮಾತ್ರ ಮೊದಲಿನವೇ. 1960ರಲ್ಲಿ ಜೇಮ್ಸ್ ಅವರಿಗೆ ಓ.ಬಿ.ಇ. ಗೌರವ ಸಂದಿತು. 1977ರಲ್ಲಿ ಅವರು ಕಾಲವಾದರು. ಅವರ ಪಿಯಾನೋ ವಾದನವನ್ನು ನೆನೆಯುವವರು ಇಂದು ವಿರಳ. ಆದರೆ ಡಿಸೆಂಬರ್ ಬಂತೆಂದರೆ, ಬೇಸಿಗೆ ರಜೆಗೆ ಮುನ್ನ, ಆಸ್ಟ್ರೇಲಿಯಾದ ಶಾಲೆಗಳಲ್ಲಿ ಇಂದಿಗೂ ಮಕ್ಕಳು 'ಒರಾನಾ' ಎಂದು ಹಾಡುವುದುಂಟು.