ರೋಗಿಗಳನ್ನು ವಾಪಸ್ ಕರೆಸಿದ ಸರ್ಜನ್

ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಸರ್ಜನ್ ಥಿಯೋಡೋರ್ ಕೋಖರ್ (1841–1917) ನನಗೆ ಇಷ್ಟವಾಗೋದು 1909ರ ನೊಬೆಲ್‌ಗಾಗಿ ಅಲ್ಲ, ಲೆಕ್ಕ ಒಪ್ಪಿಸಿದ್ದಕ್ಕೆ.

ಗಳಗಂಡ ಅಲ್ಲಿ ಮಾಮೂಲಿ ಕಾಯಿಲೆ. ಎಷ್ಟೋ ಸಲ ಕೋಖರ್ ಥೈರಾಯ್ಡ್ ಗ್ರಂಥಿಯನ್ನೇ ಪೂರ್ತಿ ತೆಗೆದುಬಿಡುತ್ತಿದ್ದರು. ಆಪರೇಷನ್ ಸಕ್ಸಸ್! ಜಿನೀವಾದ ರೆವರ್ಡಿನ್ ಎಚ್ಚರಿಸಿದ ಮೇಲೆ ಹಳೆಯ ರೋಗಿಗಳನ್ನು ಕರೆಸಿ ನೋಡಿದರೆ, ಹೆಚ್ಚಿನವರು ಊದಿಕೊಂಡು, ಮಂಕಾಗಿ, ಚಳಿ ತಡೆಯಲಾಗದೆ ಕೂತಿದ್ದರು. ಜೀವಕೋಶಗಳು ಎಷ್ಟು ವೇಗವಾಗಿ ಇಂಧನ ಸುಡಬೇಕು ಅಂತ ಹೇಳೋದೇ ಥೈರಾಯ್ಡ್ ಹಾರ್ಮೋನ್. ಗ್ರಂಥಿ ಹೋಯ್ತು, ಮೈಯೊಳಗಿನ ಒಲೆಯ ಉರಿಯೂ ತಗ್ಗಿತು.

1883ರಲ್ಲಿ ಬರ್ಲಿನ್‌ನ ಸರ್ಜನ್‌ಗಳ ಸಭೆಯಲ್ಲಿ ಕೋಖರ್ ಇದನ್ನು ಮುಚ್ಚಿಡದೆ ಹೇಳಿದರು. ಗಳಗಂಡಕ್ಕೆ ಇಡೀ ಗ್ರಂಥಿ ತೆಗೆಯೋದನ್ನು ಕೈಬಿಟ್ಟರು.

ನಮ್ಮ ಆಸ್ಪತ್ರೆಗಳ ಜಾಹೀರಾತಿನಲ್ಲಿ ಆಪರೇಷನ್‌ಗಳ ಸಂಖ್ಯೆ ಇರುತ್ತೆ. ಆ ರೋಗಿಗಳು ಈಗ ಹೇಗಿದ್ದಾರೆ ಅಂತಲೂ ಕೇಳಬೇಕಲ್ವಾ?