ವಿಷವನ್ನು ಔಷಧವಾಗಿಸಿದ ಸುಬ್ಬರಾಯರು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಔಷಧದಂಗಡಿಗಳಲ್ಲಿ ಸಂಧಿವಾತದ ರೋಗಿಗಳು ವೈದ್ಯರ ಚೀಟಿಯನ್ನು ತೋರಿಸಿ ಎರಡು ಬಗೆಯ ಮಾತ್ರೆಗಳನ್ನು ಕೊಂಡೊಯ್ಯುವುದುಂಟು. ಒಂದು ಮೆಥೊಟ್ರೆಕ್ಸೇಟ್, ಇನ್ನೊಂದು ಫೋಲಿಕ್ ಆಮ್ಲ. ಮೊದಲನೆಯದು ಅಳತೆ ಮೀರಿದರೆ ವಿಷ. ಎರಡನೆಯದು ಅದರ ಉಪದ್ರವವನ್ನು ತಗ್ಗಿಸತಕ್ಕದ್ದು. ಇವೆರಡರ ಹಿಂದೆಯೂ ಒಬ್ಬರೇ ಭಾರತೀಯರ ಪರಿಶ್ರಮವಿದೆಯೆಂಬುದನ್ನು ಬಲ್ಲವರು ವಿರಳ. ಆದುದರಿಂದ ಕೀರ್ತಿಶೇಷ ಯಲ್ಲಾಪ್ರಗಡ ಸುಬ್ಬರಾಯರ ಚರಿತ್ರೆಯನ್ನು ವಾಚಕ ಮಹಾಶಯರ ಮುಂದಿಡಲು ಬಯಸುತ್ತೇವೆ.

ಅವರು ಜನಿಸಿದ್ದು 1895ನೆಯ ಇಸವಿ ಜನವರಿ 12ರಂದು, ಆಂಧ್ರದೇಶದ ಭೀಮವರದಲ್ಲಿ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಸೋತು ಮೂರನೆಯ ಸಲ ತೇರ್ಗಡೆ ಹೊಂದಿದರು. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು, ಶಸ್ತ್ರವೈದ್ಯದ ಅಭ್ಯಾಸಕ್ಕೆ ಖಾದಿಯ ನಿಲುವಂಗಿಯನ್ನೇ ತೊಟ್ಟರು. ಆಂಗ್ಲ ಪ್ರಾಧ್ಯಾಪಕರು ಅದನ್ನು ಸಹಿಸಲಿಲ್ಲ. ಎಂ.ಬಿ.ಬಿ.ಎಸ್. ಪದವಿಗೆ ಬದಲಾಗಿ ಅದಕ್ಕಿಂತ ಕಿರಿದಾದ ಎಲ್.ಎಂ.ಎಸ್. ಪ್ರಮಾಣಪತ್ರವಷ್ಟೇ ಕೈಸೇರಿತು. ಇಬ್ಬರು ಸಹೋದರರನ್ನು ಗ್ರಹಣಿರೋಗವು ಕೆಲವೇ ದಿನಗಳ ಅಂತರದಲ್ಲಿ ಕೊಂಡೊಯ್ದಿತು. ಅದೇ ವ್ಯಾಧಿಗೆ ತುತ್ತಾದ ಸುಬ್ಬರಾಯರು ವೈದ್ಯ ಆಚಂಟ ಲಕ್ಷ್ಮೀಪತಿಗಳ ಆಯುರ್ವೇದ ಚಿಕಿತ್ಸೆಯಿಂದ ಉಳಿದುಕೊಂಡರು.

1922ರಲ್ಲಿ ಅಮೆರಿಕದ ಬಾಸ್ಟನ್ ನಗರವನ್ನು ಸೇರಿ, ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಯ ಊಳಿಗ ಮಾಡುತ್ತ ಹಾರ್ವರ್ಡಿನಲ್ಲಿ ವ್ಯಾಸಂಗ ನಡೆಸಿದರು. ಅಲ್ಲಿ ಫಿಸ್ಕೆ ಎಂಬ ವಿದ್ವಾಂಸರೊಡನೆ ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. 1927ರಲ್ಲಿ ಮಾಂಸಖಂಡವು ಥಟ್ಟನೆ ಶಕ್ತಿಯನ್ನು ಪಡೆಯುವ ಭಂಡಾರವಾದ ಫಾಸ್ಫೋಕ್ರಿಯಾಟಿನ್ ಎಂಬ ದ್ರವ್ಯವನ್ನು ಬೆಳಕಿಗೆ ತಂದರು. ಇಂದು ಸ್ನಾಯುಕ್ಷಯದ ಶಂಕೆಯಿರುವ ಮಗುವಿನ ರಕ್ತದಲ್ಲಿ ವೈದ್ಯರು ಅಳೆಯಿಸುವ ಕ್ರಿಯಾಟಿನ್ ಕೈನೇಸ್ ಈ ದ್ರವ್ಯದ ಮೇಲೆಯೇ ಕೆಲಸಮಾಡತಕ್ಕ ಕಿಣ್ವ. ಇಷ್ಟಾದರೂ ಹಾರ್ವರ್ಡಿನಲ್ಲಿ ಅವರಿಗೆ ಸ್ಥಿರವಾದ ಪ್ರಾಧ್ಯಾಪಕ ಪದವಿ ದೊರೆಯಲಿಲ್ಲ.

1940ರಲ್ಲಿ ಅವರು ಲೆಡರ್ಲೆ ಔಷಧ ಕಾರ್ಖಾನೆಯ ಸಂಶೋಧನಾಲಯವನ್ನು ಸೇರಿದರು. ಅಲ್ಲಿ ಅವರ ತಂಡವು ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸಹೋದರರನ್ನು ಬಲಿಗೊಂಡ ಗ್ರಹಣಿಗೆ ಹೀಗೆ ಮದ್ದು ದೊರೆಯಿತು. ಆನೆಕಾಲು ರೋಗದ ಹುಳುಗಳನ್ನು ಕೊಲ್ಲುವ, ನಮ್ಮ ಕರಾವಳಿಯಲ್ಲಿಯೂ ಕಲಬುರಗಿಯ ಕಡೆಯಲ್ಲಿಯೂ ಹಂಚಲ್ಪಟ್ಟಿರುವ ಔಷಧವೂ ಅಲ್ಲಿಯದೇ. ಬಳಿಕ ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕಾರ್ಯವನ್ನು ತಡೆಯುವ ಅಮೈನಾಪ್ಟೆರಿನ್ ಸಿದ್ಧವಾಯಿತು. ಇದನ್ನು ನೈಜವೆಂದು ಭ್ರಮಿಸಿ ಸ್ವೀಕರಿಸಿದ ಜೀವಕೋಶವು ಎರಡಾಗಿ ಒಡೆಯಲಾರದು. ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದ 16 ಮಕ್ಕಳಿಗೆ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಇದನ್ನು ಕೊಟ್ಟು, 10 ಮಂದಿ ತಾತ್ಕಾಲಿಕವಾಗಿಯಾದರೂ ಚೇತರಿಸಿದರೆಂದು 1948ರಲ್ಲಿ ವರದಿಮಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಸುಬ್ಬರಾಯರು ತಮ್ಮ 53ನೆಯ ವಯಸ್ಸಿನಲ್ಲಿ ಕಾಲವಾದರು. ಕಡೆಯವರೆಗೂ ಅಮೆರಿಕದ ಪ್ರಜೆಯಾಗಲಿಲ್ಲ. ಸ್ವದೇಶವು ಅವರ ಸ್ಮರಣೆಗೆ ಅಂಚೆಚೀಟಿಯನ್ನು ಹೊರಡಿಸಿದ್ದು 1995ರಲ್ಲಿ.

ಅಮೈನಾಪ್ಟೆರಿನ್ನಿನ ಸೋದರವೇ ಮೆಥೊಟ್ರೆಕ್ಸೇಟ್. ಕ್ಯಾನ್ಸರಿಗಲ್ಲದೆ ಸಂಧಿವಾತಕ್ಕೂ ಕೆಲವು ಬಗೆಯ ಸ್ನಾಯುಗಳ ಉರಿಯೂತಕ್ಕೂ ಅದು ಇಂದು ಸಲ್ಲುತ್ತಿದೆ. ಆದರೆ ಈ ವ್ಯಾಧಿಗಳಿಗೆ ಅದನ್ನು ಸೇವಿಸತಕ್ಕದ್ದು ವಾರಕ್ಕೊಮ್ಮೆ ಮಾತ್ರ. ಅರಿಯದೆ ಪ್ರತಿದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ಎಲುಬಿನ ಮಜ್ಜೆ ಸೊರಗಿ, ಪ್ರಾಣಕ್ಕೇ ಸಂಚಕಾರ ಬರುವುದು. ಇಂಥ ಅನರ್ಥಗಳು ಲೋಕದಲ್ಲಿ ಹಲವೆಡೆ ನಡೆದಿವೆ. ಇಂಗ್ಲಿಷನ್ನು ಓದಲಾರದ ವೃದ್ಧೆಯೊಬ್ಬಳು ಮಾತ್ರೆಯ ಪಟ್ಟಿಯ ಮೇಲಿನ ಎಚ್ಚರಿಕೆಯನ್ನು ಅರಿಯುವುದೆಂತು? ಆದುದರಿಂದ ವೈದ್ಯರೂ ಔಷಧದಂಗಡಿಯವರೂ ಈ ಮಾತ್ರೆಯನ್ನು ನುಂಗುವ ವಾರವನ್ನು ಸೋಮವಾರವೆಂದೋ ಗುರುವಾರವೆಂದೋ ದಪ್ಪಕ್ಷರದ ಕನ್ನಡದಲ್ಲಿ ಬರೆದುಕೊಡತಕ್ಕದ್ದು. ಅಧಿಕಾರಿಗಳು ಇದನ್ನು ಕಡ್ಡಾಯಗೊಳಿಸತಕ್ಕದ್ದು. ಖಾದಿಯನ್ನು ಬಿಡದೆ ಪದವಿಯನ್ನು ಕಳೆದುಕೊಂಡ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗೌರವಗಳಲ್ಲಿ ಇದು ಅತ್ಯಂತ ಸುಲಭವಾದುದು; ಇದರಿಂದ ಜೀವಗಳೂ ಉಳಿಯುವುವು.